ಕೊನೆಯ ತೋಟೆ ಏಕೆ ಬರುತ್ತಿರಲಿಲ್ಲ

ನಮ್ಮ ಮನೆಯ 12 ಬೋರಿನ ಪಂಪ್ ಆಕ್ಷನ್ ಕೋವಿಯಲ್ಲಿ, ನಳಿಗೆಯ ಕೆಳಗಿರುವ ತೋಟೆ ತುಂಬುವ ಕೊಳವೆಯಲ್ಲಿ, ನಾಲ್ಕು ತೋಟೆ ಹಿಡಿಯುತ್ತವೆ. ನಾಲ್ಕು ತುಂಬಿದರೆ ಮೂರು ಸಲೀಸಾಗಿ ಬರುತ್ತಿದ್ದವು, ಮೂರು ತುಂಬಿದರೆ ಎರಡು. ಎಷ್ಟೇ ತುಂಬಿದರೂ ಕೊನೆಯದು ಒಳಗೇ ಕುಳಿತುಬಿಡುತ್ತಿತ್ತು. ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ನಳಿಗೆ ಮುಚ್ಚಿಕೊಳ್ಳುತ್ತಿತ್ತು, ಕುದುರೆ ಎಳೆದಾಗ ಬರೀ ಟಕ್ಕೆಂಬ ಸದ್ದು.

ಕೊಡಗಿನಲ್ಲಿ ಕೋವಿ ಎಂದರೆ ಮನೆಯ ಒಬ್ಬ ಸದಸ್ಯನಿದ್ದಂತೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕನ್ನಿ ಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಕೋವಿಯನ್ನಿಟ್ಟು, ನಳಿಗೆಗೆ ತೋಕ್ ಪೂ ಎಂಬ ಕಾಡುಹೂ ಮುಡಿಸಿ ಕೈಮುಗಿಯುತ್ತೇವೆ. ಅಂಥ ಕೋವಿ ಕೈಕೊಟ್ಟಾಗ ಮನಸ್ಸಿಗೆ ಆಗುವ ಸಂಕಟವೇ ಬೇರೆ.

ದೋಷ ಇಷ್ಟು ವರ್ಷ ಗೊತ್ತಾಗದೆ ಉಳಿದದ್ದಕ್ಕೆ ತೆಂಗಿನಕಾಯಿಯೇ ಕಾರಣ. ಹಬ್ಬದ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನಮ್ಮ ಕಡೆ ಕಾಯಿಯನ್ನು ಎತ್ತರದ ಮರಕ್ಕೆ ಕಟ್ಟುತ್ತಿದ್ದರು. ಕೋವಿಯ ಬಾಯಿ ಆಕಾಶಕ್ಕಿದ್ದರೆ ತೋಟೆಗಳು ತಮ್ಮ ಭಾರಕ್ಕೇ ಹಿಂದಕ್ಕೆ ಜಾರುತ್ತವೆ, ಕೊಳವೆಯೊಳಗೆ ಅವನ್ನು ಹಿಂದಕ್ಕೆ ದೂಡುವ ಸ್ಪ್ರಿಂಗಿಗೆ ಹೆಚ್ಚು ಕೆಲಸವಿಲ್ಲ. ಒಂದು ವರ್ಷ ಮಾತ್ರ ಗದ್ದೆಯಾಚೆಯ ಮಣ್ಣಿನ ಬರೆಗೆ, ನಾವು ನಿಂತ ಜಾಗಕ್ಕಿಂತ ತಗ್ಗಿನಲ್ಲಿ, ಕಾಯಿ ಇಟ್ಟರು. ಅಂದು ಬಾಯಿ ಕೆಳಗಾಯಿತು, ಕೊನೆಯ ತೋಟೆ ಬರಲಿಲ್ಲ.

"ಮಳೆಗಾಲದ ತೋಟೆ ಕಣೋ, ಉಬ್ಬಿರುತ್ತದೆ" ಎಂದರು ಚಿಕ್ಕಪ್ಪ. ಅವರ ಕಾಲದ ಕಾಗದದ ತೋಟೆಗಳು ತೇವಕ್ಕೆ ನಿಜವಾಗಿಯೂ ಉಬ್ಬುತ್ತಿದ್ದವು, ನಳಿಗೆಗೆ ಹೋಗದೆ ಸತಾಯಿಸುತ್ತಿದ್ದವು. ನಮ್ಮವು ಪ್ಲಾಸ್ಟಿಕ್ಕಿನವು. ಅದೇ ತೋಟೆ ಜೋಡುನಳಿಗೆಯಲ್ಲಿ ಸರಾಗವಾಗಿ ಕುಳಿತಿತು. ತೋಟೆಯ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಮುಂದೆ ನಾನು ಮಾಡಿದ್ದು ತಪ್ಪು ಕೆಲಸ. ಸ್ಪ್ರಿಂಗ್ ಸೋತಿದೆ ಎಂದುಕೊಂಡು ಹೊರತೆಗೆದು, ಎರಡು ಕೈಯಲ್ಲಿ ಹಿಡಿದು ಎಳೆದು ಉದ್ದ ಮಾಡಿದೆ. ಒಂದು ದಿನ ಚೆನ್ನಾಗಿತ್ತು. ಮರುದಿನದಿಂದ ನಾಲ್ಕನೆಯ ತೋಟೆ ಒಳಗೆ ಹೋಗುವುದೇ ಕಷ್ಟವಾಯಿತು. ಎಳೆದ ಸ್ಪ್ರಿಂಗಿನ ಸುತ್ತುಗಳು ಒಂದೇ ಅಂತರದಲ್ಲಿ ಉಳಿಯುವುದಿಲ್ಲ. ಒತ್ತಿದಾಗ ಒಂದು ಸುತ್ತು ಇನ್ನೊಂದರ ಮೇಲೇರಿ ಕೊಳವೆಯ ಗೋಡೆಗೆ ಒರಗುತ್ತದೆ, ಎಳೆದು ಗಳಿಸಿದ ಬಲವೂ ಬೇಗ ಹೋಗುತ್ತದೆ. ಯಾರೂ ಇದನ್ನು ಮಾಡಬೇಡಿ. ಪರವಾನಗಿ ಇರುವ ಅಂಗಡಿಯಿಂದ ಅದೇ ಮಾದರಿಗೆ ಹೊಂದುವ ಹೊಸ ಸ್ಪ್ರಿಂಗ್ ತರಿಸಿದೆ. ಹತ್ತು ಸಲಕ್ಕೆ ಒಂದು ಸಲ ತೊಂದರೆ ಆಗಲೂ ಉಳಿಯಿತು.

ಆಗ ಕುಳಿತು ಯೋಚಿಸಿದೆ. ತಡೆ ಇರುವುದು ಕೊನೆಯ ತೋಟೆಗೆ ಮಾತ್ರ. ಕೊನೆಯ ತೋಟೆಯನ್ನು ತಳ್ಳುವಾಗ ಸ್ಪ್ರಿಂಗ್ ಪೂರ್ತಿ ಸಡಿಲವಾಗಿರುತ್ತದೆ, ತೋಟೆಯನ್ನು ದೂಡುವ ಟೋಪಿ ಕೊಳವೆಯ ಹಿಂಬದಿಯ ತುದಿಗೆ ಬಂದಿರುತ್ತದೆ. ಹಾಗಾದರೆ ನೋಡಬೇಕಾದದ್ದು ಆ ತುದಿಯನ್ನೇ. ಮೊದಲ ತೋಟೆಯೇ ನಿಲ್ಲುತ್ತಿದ್ದರೆ ಕೊಳವೆಯ ಮುಂದಿನ ತುದಿಯನ್ನು ಹುಡುಕುತ್ತಿದ್ದೆ. ಕೋವಿ ನಿಂತಿತು ಎಂದವರನ್ನು ನಾನೀಗ ಮೊದಲು ಕೇಳುವುದು, ಎಷ್ಟನೆಯ ತೋಟೆಗೆ ನಿಂತಿತು ಎಂದೇ.

ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ನಳಿಗೆಗೂ ಕೊಳವೆಗೂ ಬೆರಳು ಹಾಕಿ ಖಾಲಿ ಎಂದು ಎರಡು ಸಲ ಖಚಿತ ಮಾಡಿಕೊಂಡೆ. ಮುಚ್ಚಳ ಬಿಚ್ಚುವಾಗ ಹೆಬ್ಬೆರಳನ್ನು ಸ್ಪ್ರಿಂಗಿನ ಮೇಲೆ ಒತ್ತಿಯೇ ಇರಬೇಕು. ಕೊಳವೆಗಿಂತ ಉದ್ದವಿರುವ ಸ್ಪ್ರಿಂಗ್ ಹಾವಿನಂತೆ ಹೊರಗೆ ಹಾರುತ್ತದೆ, ಮುಖ ಪಕ್ಕಕ್ಕಿರಲಿ.

ಚಿಕ್ಕಪ್ಪ ಟಾರ್ಚ್ ಹಿಡಿದರು. ಮುಂದಿನಿಂದ ನೋಡಿದರೆ ಕೊಳವೆ ಉದ್ದಕ್ಕೂ ಹೊಳೆಯುತ್ತಿತ್ತು. ಹಿಂಬದಿಯ ಎರಡು ಬೆರಳಿನಷ್ಟು ಜಾಗ ಮಾತ್ರ ಕಪ್ಪು. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಹಾಕಿ ತಿರುಗಿಸಿದಾಗ ಬೆಲ್ಲದ ಪಾಕ ಆರಿದಂಥ ಕಂದು ಅಂಟು ಬಂತು. ಮೂಗಿನ ಹತ್ತಿರ ಹಿಡಿದೆ, ಕಮಟು ಕೊಬ್ಬರಿ ಎಣ್ಣೆಯ ವಾಸನೆ!

ಎಲ್ಲವೂ ಅರ್ಥವಾಯಿತು. ಅಪ್ಪನ ಕಾಲದಿಂದಲೂ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆವು. ತುಕ್ಕು ಬರಬಾರದೆಂಬ ಪ್ರೀತಿಗೆ ಧಾರಾಳವಾಗಿಯೇ ಹಚ್ಚುತ್ತಿದ್ದೆವು. ಕೋವಿಯನ್ನು ಮೂಲೆಯಲ್ಲಿ ಬಾಯಿ ಮೇಲಾಗಿ ನಿಲ್ಲಿಸುವುದರಿಂದ ಎಣ್ಣೆಯೆಲ್ಲ ಇಳಿದು ಕೊಳವೆಯ ಹಿಂಬದಿಗೆ ಸೇರುತ್ತಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮಳೆಗಾಲದ, ಚಳಿಗಾಲದ ಬೆಳಗುಗಳಲ್ಲಿ ಅದು ತುಪ್ಪದ ಹಾಗೆ ಗಟ್ಟಿ. ವರ್ಷ ಕಳೆದಂತೆ ಧೂಳು ಸೇರಿ ಗೋಂದು. ಕೊಬ್ಬರಿ ಎಣ್ಣೆಗೆ ಬಯ್ಯುತ್ತಿಲ್ಲ, ಅಡುಗೆಗೆ ಅದಕ್ಕಿಂತ ಒಳ್ಳೆಯದು ನನಗೆ ಬೇಡ. ಕೋವಿಗೆ ಮಾತ್ರ ಬೇಡವೇ ಬೇಡ.

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಏಳೆಂಟು ಸಲ ಒರೆಸಿದೆ. ಅಂಟಿನಡಿಯಲ್ಲಿ ಬಳೆಯಂತೆ ಸುತ್ತಿಕೊಂಡಿದ್ದ ತೆಳು ತುಕ್ಕನ್ನು ನಯವಾದ ಎಮರಿ ಕಾಗದದಿಂದ, ಕೈಯಲ್ಲೇ, ನಿಧಾನವಾಗಿ ತೆಗೆದೆ. ಪ್ಲಾಸ್ಟಿಕ್ ಟೋಪಿಯ ಅಂಚು ಒಂದು ಕಡೆ ಉಗುರಿಗೆ ಸಿಗುವಷ್ಟು ಎದ್ದಿತ್ತು. ಅದೂ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತೆಂದು ಕಾಣುತ್ತದೆ. ಅದನ್ನು ಅದೇ ಕಾಗದದಿಂದ ಸಮ ಮಾಡಿದೆ. ಕೊನೆಗೆ ತೆಳುವಾದ ಗನ್ ಆಯಿಲ್ ಹಚ್ಚಿ, ಹಚ್ಚಿದ್ದು ಕಾಣದಷ್ಟು ಒಣಬಟ್ಟೆಯಿಂದ ಒರೆಸಿದೆ. ಒಂದು ಸಲಕ್ಕೆ ಒಂದೇ ತೋಟೆಯನ್ನು ಬಿಡುವ ತಡೆಗಳನ್ನು ನಾನು ಮುಟ್ಟಲಿಲ್ಲ. ಅಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೆ ಎರಡು ತೋಟೆ ಒಟ್ಟಿಗೆ ನುಗ್ಗುತ್ತವೆ. ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿದೆ, ಸರಿಯಾಗಿವೆ ಎಂದರು. ಇನ್ನೂ ಒಂದೆರಡು ತೋಟೆ ಹಿಡಿಯುವಂತೆ ಕೊಳವೆ ಉದ್ದ ಮಾಡಿಸು ಎಂದ ಸ್ನೇಹಿತರಿದ್ದಾರೆ. ದಾಖಲೆಯಲ್ಲಿ ಇರುವ ಕೋವಿ ದಾಖಲೆಯಲ್ಲಿ ಇರುವಂತೆಯೇ ಇರಬೇಕು, ನಾಲ್ಕು ಸಾಕು.

ಪರೀಕ್ಷೆಗೆ ಜೀವಂತ ತೋಟೆ ಬಳಸಲಿಲ್ಲ. ಹೊಡೆದ ತೋಟೆಯ ಖಾಲಿ ಕವಚಗಳಿಗೆ ಮರಳಿನ ಜೊತೆ ಸೀಸದ ಚೂರು ತುಂಬಿ, ಮೇಣ ಹಾಕಿ ಮುಚ್ಚಿ, ಗುರುತಿಗೆ ಕೆಂಪು ಬಣ್ಣ ಬಳಿದೆ. ಭಾರ ಹೊಸ ತೋಟೆಯಷ್ಟೇ ಬರುವಂತೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಹಗುರವಾದರೆ ಸ್ಪ್ರಿಂಗಿನ ನಿಜವಾದ ಬಲ ತಿಳಿಯುವುದಿಲ್ಲ. ಇಲ್ಲೊಂದು ಎಡವಟ್ಟಾಗುವ ಜಾಗವಿದೆ. ತೋಟೆಯ ಮೇಲೆ ಬರೆದ 70 ಮಿಲಿಮೀಟರ್ ಎಂಬುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಕವಚದ ಉದ್ದ. ಮಡಿಚಿದ ಹೊಸ ತೋಟೆ ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಗಿಡ್ಡ. ನನ್ನ ಮೊದಲ ಕೆಂಪು ತೋಟೆಗಳು ಉದ್ದವಾಗಿ ಸಿಕ್ಕಿಕೊಂಡವು, ಹೊಸದರ ಪಕ್ಕದಲ್ಲಿಟ್ಟು ಕತ್ತರಿಸಿದ ಮೇಲೆ ಸರಿಹೋಯಿತು.

ಬಾಯಿಯನ್ನು ನೆಲಕ್ಕೆ ಮಾಡಿ ಐವತ್ತು ಸಲ ತುಂಬಿದೆ, ಐವತ್ತು ಸಲ ಖಾಲಿ ಮಾಡಿದೆ. ಎಣಿಸಿದವರು ಚಿಕ್ಕಪ್ಪ, ಸೌದೆಕಡ್ಡಿಯಿಂದ ಅಂಗಳದಲ್ಲಿ ಗೀಟು ಹಾಕುತ್ತಾ. ಒಂದೂ ನಿಲ್ಲಲಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಮತ್ತೊಮ್ಮೆ ಇಪ್ಪತ್ತು ಸಲ ನೋಡೋಣ ಎಂದರು, ಚಳಿಗೆ ಏನಾಗುತ್ತದೋ ಎಂದು. ಆಗಲೂ ನಾಲ್ಕನೆಯದು ಬಂತು.

ಈಗ ಪ್ರತಿ ವರ್ಷ ಕೈಲ್‌ಪೊಳ್ದ್‌ಗೆ ಎರಡು ದಿನ ಮೊದಲು, ತೋಕ್ ಪೂ ತರಲು ಮಕ್ಕಳು ಬೇಲಿಯ ಕಡೆ ಹೋಗುವ ಹೊತ್ತಿಗೆ, ನಾನು ನಳಿಗೆಯ ಜೊತೆ ಕೊಳವೆಯನ್ನೂ ಬಿಚ್ಚುತ್ತೇನೆ. ಚಿಕ್ಕಪ್ಪ ಟಾರ್ಚ್ ಹಿಡಿದು ಮೊದಲು ಹಿಂಬದಿಯ ಆ ಎರಡು ಬೆರಳು ಜಾಗವನ್ನೇ ನೋಡುತ್ತಾರೆ.