ಪಿಕಪ್ ಆಗಾಗ ನಡುಗುತ್ತಿದ್ದುದಕ್ಕೆ ಕಾರಣ ಶಾಫ್ಟಿನ ಹಿಂದಿನ ಕ್ರಾಸ್ ಜಾಯಿಂಟ್
70 ಕಿ.ಮೀ. ವೇಗ ದಾಟಿದರೆ ಪಿಕಪ್ ಸೀಟಿನಡಿ ಗುಂಯ್ ಅಂತ ನಡುಕ, ಅದೂ ಒಮ್ಮೊಮ್ಮೆ ಮಾತ್ರ. ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿದೆ: ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಅಂದರೆ ಎಂಜಿನ್ನಿನದಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಉದ್ದದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಚಕ್ರಕ್ಕಿಂತ ಮೂರ್ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ. ಇಷ್ಟು ಸಣ್ಣನೆಯ ನಡುಕಕ್ಕೆ ಅನುಮಾನ ಅದರ ಮೇಲೇ. ಲೋಡ್ ಇದ್ದಾಗ ಜಾಸ್ತಿಯಾಗುತ್ತಿದ್ದುದೂ ತಾಳೆಯಾಯಿತು, ಭಾರಕ್ಕೆ ಶಾಫ್ಟಿನ ಕೋನ ಬದಲಾಗುತ್ತದಲ್ಲ.

ಗಾಡಿಗೆ ಸ್ಟ್ಯಾಂಡ್ ಕೊಟ್ಟು ಅಡಿಗೆ ನುಗ್ಗಿದೆ. ಶಾಫ್ಟ್ ಅಲುಗಾಡಿಸಿದರೆ ಪ್ಲೇ (ಸಡಿಲ) ಇಲ್ಲ. ಆದರೆ ಹಿಂದಿನ ಕ್ರಾಸಿನ (ಶಾಫ್ಟ್ ಕೋನದಲ್ಲೂ ತಿರುಗುವಂತೆ ಜೋಡಿಸುವ + ಆಕಾರದ ತುಂಡು) ಒಂದು ಕಪ್ (ತುದಿಯ ಬೇರಿಂಗ್ ಮುಚ್ಚಳ) ಸುತ್ತ ಕೆಂಪು ತುಕ್ಕಿನ ಪುಡಿ! ಬಿಚ್ಚಿ ನೋಡಿದರೆ ಜಾಯಿಂಟ್ ಒಂದು ದಿಕ್ಕಿಗೆ ಸಲೀಸು, ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತಿತ್ತು. ಒಳಗಿನ ಸೂಜಿ ಬೇರಿಂಗ್‌ಗಳಲ್ಲಿ ಗ್ರೀಸಿನ ಪಸೆಯೇ ಇಲ್ಲ. ಹೊಸ ಕ್ರಾಸ್ ಹಾಕಿ, ಬಿಚ್ಚುವ ಮೊದಲೇ ಬಳಿದಿದ್ದ ಬಣ್ಣದ ಗುರುತಿಗೆ ಸರಿಯಾಗಿ ಶಾಫ್ಟ್ ಕೂರಿಸಿದೆ. ಈಗ ಲೋಡ್ ತುಂಬಿದರೂ ನಡುಕವಿಲ್ಲ.