ಮಡಿಕೇರಿಯ ಐಪಿ ವಿಳಾಸ ಮುಂಬೈಗೆ ಹೋದದ್ದು

ನಾವು ಮಡಿಕೇರಿಯಲ್ಲಿ ಸಣ್ಣದೊಂದು ಇಂಟರ್ನೆಟ್ ಸರ್ವಿಸ್ ನಡೆಸುತ್ತೇವೆ. ಮನೆ, ಅಂಗಡಿ, ಹೋಂಸ್ಟೇಗಳಿಗೆ ಫೈಬರ್ ಕೊಡುವುದು ಮುಖ್ಯ ಕೆಲಸ. ಅದರ ಜೊತೆಗೆ ನನಗೆ ತುಂಬ ಇಷ್ಟವಾದ ಇನ್ನೊಂದು ಕೆಲಸವಿದೆ. ನಾಪೋಕ್ಲು, ಭಾಗಮಂಡಲ, ಮಾಕುಟ್ಟ, ಸುಂಟಿಕೊಪ್ಪ ಕಡೆಯ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಯಂತ್ರ ಇಟ್ಟಿದ್ದೇವೆ. ಅದರೊಳಗೆ ಒಂದು ಸಿಮ್ ಇರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ಮಳೆ ಬಿತ್ತು ಎಂದು ನಮ್ಮ ಸರ್ವರ್‌ಗೆ ಕಳಿಸುತ್ತದೆ. ನಮ್ಮಲ್ಲಿ ತೋಟದವರು ಈಗಲೂ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲೇ ಹೇಳುತ್ತಾರೆ. ಹಾಗಾಗಿ ನಮ್ಮ ವೆಬ್ ಪುಟದಲ್ಲೂ ‘ಎರಡು ಇಂಚು ನಲವತ್ತು ಸೆಂಟ್’ ಎಂದೇ ಬರುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ ಮೇಲೆ ಈ ಲೆಕ್ಕವನ್ನು ಜನ ನೋಡುವ ರೀತಿಯೇ ಬದಲಾಯಿತು. ಮೊದಲು ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಎಂದು ನೋಡುತ್ತಿದ್ದರು. ಈಗ ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ನಡುರಾತ್ರಿ ಎದ್ದು ನೋಡುತ್ತಾರೆ. ಬೆಂಗಳೂರಿನಲ್ಲಿರುವ ಮಕ್ಕಳು ಪುಟ ನೋಡಿ ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡುತ್ತಾರೆ.

ಆದರೆ ಸರ್ವರ್ ಇದ್ದದ್ದು ನಮ್ಮ ಮಡಿಕೇರಿಯ ಕೋಣೆಯಲ್ಲಿ. ದೊಡ್ಡ ಮಳೆ ಬಂದರೆ ಕರೆಂಟ್ ಹೋಗುತ್ತದೆ, ಮರ ಬಿದ್ದು ಫೈಬರ್ ತುಂಡಾಗುತ್ತದೆ. ಮಳೆ ಲೆಕ್ಕ ಜನರಿಗೆ ಬೇಕಾಗುವ ದಿನವೇ ಪುಟ ತೆರೆಯುತ್ತಿರಲಿಲ್ಲ. ಇದು ನನ್ನನ್ನು ತುಂಬ ಕಾಡಿತು. ಸರ್ವರ್‌ಗಳನ್ನು ಮುಂಬೈಯ ಒಂದು ಡೇಟಾ ಸೆಂಟರ್‌ಗೆ ಹಾಕೋಣ ಎಂದು ತೀರ್ಮಾನಿಸಿದೆವು.

ಸರ್ವರ್ ಬಾಡಿಗೆಗೆ ತೆಗೆದುಕೊಂಡರೆ ಅವರೇ ಒಂದು ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ಸರ್ವರ್ ಎಲ್ಲಿದೆ ಎಂದು ಹೇಳುವ ವಿಳಾಸದ ನಂಬರ್, ಕೊಡುತ್ತಾರೆ. ಅದನ್ನೇ ಬಳಸಬಹುದಿತ್ತಲ್ವಾ? ನಮ್ಮ ಕಷ್ಟ ಯಂತ್ರಗಳದ್ದು. ಹಳೆಯ ಯಂತ್ರಗಳಲ್ಲಿ ಸರ್ವರ್‌ನ ಹೆಸರಿಲ್ಲ, ಐಪಿ ನಂಬರನ್ನೇ ಬರೆದಿಟ್ಟಿದ್ದೇವೆ. ಅದನ್ನು ಬದಲಿಸಲು ಪ್ರತಿ ತೋಟಕ್ಕೂ ಜೀಪಿನಲ್ಲಿ ಹೋಗಿ, ಪೆಟ್ಟಿಗೆ ಬಿಚ್ಚಿ, ಕೇಬಲ್ ಹಾಕಬೇಕು. ಮಾಕುಟ್ಟದ ಕಡೆಗೆ ಹೋಗಿ ಬರಲು ಒಂದು ದಿನವೇ ಬೇಕು. ಇದಲ್ಲದೆ ಗ್ರಾಹಕರ ಬಿಲ್ ಕಟ್ಟುವ ಗೇಟ್‌ವೇಯವರು ನಮ್ಮ ಐಪಿಯಿಂದ ಬಂದರೆ ಮಾತ್ರ ಬಾಗಿಲು ತೆರೆಯುತ್ತಾರೆ. ನಮ್ಮ ಮೇಲ್ ಸರ್ವರ್‌ಗೆ ಅದೇ ವಿಳಾಸದಲ್ಲಿ ವರ್ಷಗಳಿಂದ ಒಳ್ಳೆಯ ಹೆಸರಿದೆ. ಆದ್ದರಿಂದ ಸರ್ವರ್ ಬದಲಾದರೂ ವಿಳಾಸ ಬದಲಾಗಬಾರದು.

ಅದೃಷ್ಟಕ್ಕೆ ವಿಳಾಸ ನಮ್ಮದೇ. ಭಾರತದಲ್ಲಿ ಐಪಿ ವಿಳಾಸಗಳನ್ನು ಹಂಚುವುದು ನಿಕ್ಸಿ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ನಡೆಸುವ ‘ಇರಿನ್’ ರಿಜಿಸ್ಟ್ರಿ. ಅವರಿಂದ ನಮಗೆ ಒಂದು /23 ಸಾಲು, ಅಂದರೆ ಒಂದರ ಹಿಂದೆ ಒಂದು 512 ವಿಳಾಸ, ಮತ್ತು ನಮ್ಮ ನೆಟ್‌ವರ್ಕನ್ನು ಪ್ರಪಂಚಕ್ಕೆ ಗುರುತಿಸುವ ನಮ್ಮದೇ ಎಎಸ್ ನಂಬರ್ ಸಿಕ್ಕಿತ್ತು. (ಗೆರೆಯ ಮುಂದಿನ ಅಂಕಿ ಒಂದು ಹೆಚ್ಚಾದರೆ ಸಾಲು ಅರ್ಧವಾಗುತ್ತದೆ.) ಏಷ್ಯಾ ಪೆಸಿಫಿಕ್ ಭಾಗದಲ್ಲಿ 2019ರಿಂದ ಹೊಸಬರಿಗೆ ಕೊಡುವುದು ಹೆಚ್ಚೆಂದರೆ ಇಷ್ಟೇ. ಐಪಿವಿ4 ಎಂಬ ಈ ಹಳೆಯ ಬಗೆಯ ವಿಳಾಸಗಳ ಕೇಂದ್ರ ಖಜಾನೆ 2011ರ ಫೆಬ್ರವರಿಯಲ್ಲೇ ಖಾಲಿಯಾಗಿದೆ. ಇದ್ದುದನ್ನು ಜೋಪಾನ ಮಾಡಿಕೊಳ್ಳಬೇಕು.

ಕೊಡವರಿಗೆ ಮನೆ ಹೆಸರು ಇರುತ್ತದಲ್ಲ, ಮಡಿಕೇರಿಯಲ್ಲಿದ್ದರೂ ಮೈಸೂರಿನಲ್ಲಿದ್ದರೂ ಅದೇ ಇರುತ್ತದೆ. ನಮ್ಮ ಐಪಿ ಸಾಲೂ ಹಾಗೆಯೇ. ಎಲ್ಲಿಂದ ‘ಈ ವಿಳಾಸ ಇಲ್ಲಿದೆ’ ಎಂದು ಘೋಷಿಸುತ್ತೇವೋ ಅಲ್ಲಿಗೆ ಪ್ರಪಂಚದ ಟ್ರಾಫಿಕ್ ಬರುತ್ತದೆ. ಆ ಘೋಷಣೆ ನಡೆಯುವುದು ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿ ಎಂಬ ಪ್ರೋಟೋಕಾಲ್‌ನಲ್ಲಿ.

ಮೊದಲ ತೊಡಕು ಇಲ್ಲೇ ಬಂತು. ಒಂದೇ ಒಂದು ವಿಳಾಸವನ್ನು ಸಾಗಿಸಲು ಆಗುವುದಿಲ್ಲ. ಪ್ರಪಂಚದ ಹೆಚ್ಚಿನ ನೆಟ್‌ವರ್ಕ್‌ಗಳು /24ಕ್ಕಿಂತ ಚಿಕ್ಕ ಘೋಷಣೆಯನ್ನು ಒಪ್ಪುವುದೇ ಇಲ್ಲ. ಅಂದರೆ 256 ವಿಳಾಸ ಒಟ್ಟಿಗೆ ಹೋಗಬೇಕು. ನಮ್ಮ ಸರ್ವರ್‌ಗಳಿದ್ದದ್ದು ಎರಡನೇ ಅರ್ಧದಲ್ಲಿ. ಆ ಅರ್ಧದಲ್ಲೇ ಕೆಲವು ಗ್ರಾಹಕರಿಗೂ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಟ್ಟಿದ್ದೆವು. ಎರಡು ರೆಸಾರ್ಟ್, ಒಂದು ಶಾಲೆ, ಸಿಸಿಟಿವಿ ನೋಡುವ ಕೆಲವು ತೋಟದವರು. ಎಲ್ಲರನ್ನೂ ಮೊದಲ ಅರ್ಧಕ್ಕೆ ಬದಲಿಸಬೇಕಾಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿ, ಅವರ ಕ್ಯಾಮೆರಾದವರನ್ನು ಹುಡುಕಿ, ಮಾಡಿ ಮುಗಿಸಲು ಮೂರು ವಾರ ಹಿಡಿಯಿತು. ನೀವು ಇನ್ನೂ ವಿಳಾಸ ಹಂಚುವ ಹಂತದಲ್ಲಿದ್ದರೆ ಸರ್ವರ್‌ಗಳಿಗೆ ಒಂದು /24 ಪೂರ್ತಿ ಬೇರೆ ಇಡಿ. ಗ್ರಾಹಕರನ್ನು ಅದರಲ್ಲಿ ಸೇರಿಸಬೇಡಿ.

ಆಮೇಲೆ ಕಾಗದಪತ್ರ. ಸರ್ವರ್ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿ ಎರಡು ದಾರಿ ಹೇಳಿತು. ಒಂದು, ಅವರ ಎಎಸ್ ನಂಬರಿನಿಂದಲೇ ನಮ್ಮ /24 ಘೋಷಿಸಿ, ನಮ್ಮ ಸರ್ವರ್‌ಗೆ ತಿರುಗಿಸುವುದು. ಇನ್ನೊಂದು, ಸರ್ವರ್‌ನಲ್ಲಿ ನಾವೇ ಬಿಜಿಪಿ ನಡೆಸಿ ನಮ್ಮ ಎಎಸ್ ನಂಬರಿನಿಂದ ಘೋಷಿಸುವುದು. ನಾನು ಮೊದಲನೆಯದನ್ನು ಆರಿಸಿದೆ. ಎರಡನೆಯದರಲ್ಲಿ ಒಂದು ಸೂಕ್ಷ್ಮವಿದೆ. ದಾರಿಯಲ್ಲಿ ತನ್ನದೇ ಎಎಸ್ ನಂಬರ್ ಕಂಡರೆ ರೂಟರ್ ಅದನ್ನು ಸುತ್ತು ಎಂದು ತಿಳಿದು ಬಿಟ್ಟುಬಿಡುತ್ತದೆ. ಆಗ ಮಡಿಕೇರಿಯ ನಮ್ಮ ರೂಟರ್ ಮುಂಬೈಯ ನಮ್ಮದೇ ಘೋಷಣೆಯನ್ನು ತಿರಸ್ಕರಿಸುತ್ತಿತ್ತು. ಅದಕ್ಕೂ ಉಪಾಯವಿದೆ, ಆದರೆ ಎರಡು ಊರಿನಲ್ಲಿ ಒಂದೇ ಎಎಸ್ ನೋಡಿಕೊಳ್ಳಲು ನಮ್ಮಲ್ಲಿ ಜನ ಕಡಿಮೆ.

ಅವರು ಕೇಳಿದ್ದು ಎಲ್‌ಒಎ, ಅಂದರೆ ಅನುಮತಿ ಪತ್ರ. ನಮ್ಮ ಲೆಟರ್‌ಹೆಡ್‌ನಲ್ಲಿ, ಯಾವ ಸಾಲು, ಯಾವ ಎಎಸ್ ಘೋಷಿಸಬಹುದು, ಎಷ್ಟು ದಿನಕ್ಕೆ ಎಂದು ಬರೆದು ಸಹಿ, ಸೀಲು ಹಾಕಬೇಕು. ಬರೆದೆ. ಮಾರನೇ ದಿನ ವಾಪಸ್ ಬಂತು. ರಿಜಿಸ್ಟ್ರಿಯಲ್ಲಿರುವ ಹೆಸರು ಬೇರೆ, ಪತ್ರದಲ್ಲಿರುವ ಹೆಸರು ಬೇರೆ. ನಾವು ಪಾಲುದಾರಿಕೆಯಿಂದ ಪ್ರೈವೇಟ್ ಲಿಮಿಟೆಡ್ ಆದಾಗ ರಿಜಿಸ್ಟ್ರಿಯಲ್ಲಿ ಬದಲಿಸಿರಲೇ ಇಲ್ಲ. ಅಲ್ಲಿದ್ದ ಇಮೇಲ್ ಕೂಡ ಕೆಲಸ ಬಿಟ್ಟು ಹೋದವರದ್ದು, ಹೋಸ್ಟಿಂಗ್‌ನವರು ದೃಢೀಕರಣಕ್ಕೆ ಕಳಿಸಿದ ಮೇಲ್ ಅಲ್ಲಿಗೇ ಹೋಗಿತ್ತು. ಕೊಡಗಿನ ಮನೆತನಗಳ ಜಮ್ಮಾ ಜಾಗದಲ್ಲಿ ಪಟ್ಟೆದಾರರಾಗಿ (ದಾಖಲೆಯ ಹೆಸರುದಾರರಾಗಿ) ತೀರಿಹೋದ ಹಿರಿಯರ ಹೆಸರೇ ಉಳಿದು, ಮೊಮ್ಮಕ್ಕಳು ಸಾಲಕ್ಕೆ ಹೋದಾಗ ಒದ್ದಾಡುವುದನ್ನು ನಾವು ನೋಡಿದ್ದೇವಲ್ಲ, ಅದೇ ಪಾಡು. ಕಂಪನಿ ದಾಖಲೆ ಕೊಟ್ಟು ಹೆಸರು ಸರಿ ಮಾಡಿಸಿದ ಮೇಲೆಯೇ ಮುಂದಿನ ಮಾತು. ಈ ಲೇಖನ ಓದಿ ನೀವು ಇವತ್ತೇ ಮಾಡಬಹುದಾದ ಕೆಲಸ ಇದು: ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು, ಇಮೇಲ್, ಫೋನ್ ಸರಿ ಇದೆಯಾ ನೋಡಿ.

ಇದರ ಜೊತೆಗೇ ಬೇಡದ ಮೇಲ್ ಕಳಿಸುವ ವಿಳಾಸಗಳನ್ನು ಸೇರಿಸುವ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳಲ್ಲಿ ನಮ್ಮ ವಿಳಾಸಗಳಿವೆಯಾ ಎಂದೂ ಅವರು ನೋಡಿದರು. ಇರಲಿಲ್ಲ.

ಕಾಫಿ ಕುಯ್ಲು ಮುಗಿದು, ಹೂಮಳೆ ಇನ್ನೂ ಬಂದಿರದ ಫೆಬ್ರವರಿ ಕೊನೆಯ ವಾರವನ್ನು ಆರಿಸಿಕೊಂಡೆವು. ಮಳೆ ಇಲ್ಲದ ಕಾಲ. ಲೆಕ್ಕ ತಪ್ಪಿದರೂ ಯಾರಿಗೂ ಅಪಾಯವಿಲ್ಲ.

ಈಗ ಈ ಕೆಲಸದ ಅತಿ ಮುಖ್ಯ ಭಾಗಕ್ಕೆ ಬರುತ್ತೇನೆ. ಬಿಜಿಪಿಯಲ್ಲಿ ಯಾರು ಬೇಕಾದರೂ ಯಾವ ವಿಳಾಸವನ್ನಾದರೂ ತಮ್ಮದು ಎಂದು ಘೋಷಿಸಬಹುದು, ಮತ್ತು ಚಿಕ್ಕ ಸಾಲಿನ ಘೋಷಣೆ ದೊಡ್ಡದನ್ನು ಗೆಲ್ಲುತ್ತದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬ್‌ನ ಒಂದು /24 ಅನ್ನು ಘೋಷಿಸಿತು. ಯೂಟ್ಯೂಬ್ ತಾನು ಅದಕ್ಕಿಂತ ದೊಡ್ಡ /22 ಘೋಷಿಸುತ್ತಿತ್ತು. ಚಿಕ್ಕದೇ ಗೆದ್ದು, ಪ್ರಪಂಚದ ಬಹುಭಾಗಕ್ಕೆ ಯೂಟ್ಯೂಬ್ ಸಿಗದೆ ಹೋಯಿತು. ಇಂಥದ್ದನ್ನು ತಡೆಯಲು ಆರ್‌ಪಿಕೆಐ ಎಂಬ ವ್ಯವಸ್ಥೆ ಬಂತು. ಅದರಲ್ಲಿ ವಿಳಾಸದ ಒಡೆಯರು ಆರ್‌ಒಎ ಎಂಬ ಡಿಜಿಟಲ್ ಸಹಿಯ ದಾಖಲೆ ಮಾಡಿಡುತ್ತಾರೆ. ಈ ಸಾಲನ್ನು ಈ ಎಎಸ್ ಮಾತ್ರ ಘೋಷಿಸಬಹುದು, ಇಷ್ಟು ಚಿಕ್ಕ ತುಂಡಿನವರೆಗೆ ಮಾತ್ರ ಎಂದು. ಅದಕ್ಕೆ ಹೊಂದದ ಘೋಷಣೆಯನ್ನು ಅನೇಕ ದೊಡ್ಡ ನೆಟ್‌ವರ್ಕ್‌ಗಳು ಬಿಸಾಡುತ್ತವೆ.

ನಮ್ಮ /23ಕ್ಕೆ ನಮ್ಮ ಎಎಸ್ ಹೆಸರಿನಲ್ಲಿ ಆರ್‌ಒಎ ಆಗಲೇ ಇತ್ತು. ಹೋಸ್ಟಿಂಗ್‌ನವರ ಎಎಸ್ ಹೆಸರಿನಲ್ಲಿ ಇನ್ನೊಂದು ಮಾಡಿದೆ. ಅದನ್ನು ಮಾಡುವಾಗ ಹಳೆಯದನ್ನೇ ನೋಡಿ /23 ಎಂದು ಬರೆದೆ, ಎಷ್ಟು ಚಿಕ್ಕ ತುಂಡಿನವರೆಗೆ ಎಂದು ಹೇಳುವ ‘ಗರಿಷ್ಠ ಉದ್ದ’ವೂ 23. ಅವರು ಘೋಷಿಸಬೇಕಿದ್ದದ್ದು /24. ಅವರ ಕಡೆಯವರು ಎಎಸ್ ನಂಬರ್ ಮಾತ್ರ ನೋಡಿ ಸರಿ ಇದೆ ಎಂದರು. ಘೋಷಣೆ ಶುರುವಾಯಿತು.

ಅವತ್ತು ಸಂಜೆಯವರೆಗೂ ಎಲ್ಲ ಸರಿಯಾಗಿದೆ ಎಂದೇ ಅನಿಸಿತ್ತು. ಪುಟ ತೆರೆಯುತ್ತಿತ್ತು. ಮುಂಬೈಯ ಸರ್ವರ್‌ಗೆ ಮಳೆ ಯಂತ್ರಗಳ ಲೆಕ್ಕ ಬರುತ್ತಿತ್ತು. ಆಗ ನಾಪೋಕ್ಲು ಕಡೆಯ ತೋಟದ ಹಿರಿಯರೊಬ್ಬರು ಫೋನ್ ಮಾಡಿದರು.

“ಏನಪ್ಪಾ, ನಮ್ಮ ತೋಟದ ಲೆಕ್ಕ ಬೆಳಿಗ್ಗೆಯಿಂದ ಹಾಗೇ ನಿಂತಿದೆ?”

“ಮಳೆ ಇಲ್ಲವಲ್ಲ ಅಂಕಲ್, ಸೊನ್ನೆ ಇರಬೇಕು.”

“ಸೊನ್ನೆ ಇರಲಿ. ಟೈಮೂ ಹತ್ತು ಗಂಟೆಗೇ ನಿಂತಿದೆ, ನೋಡು.”

ನೋಡಿದರೆ ನಿಜ. ಅರ್ಧದಷ್ಟು ಯಂತ್ರಗಳು ಮುಂಬೈಗೆ ಬಂದೇ ಇರಲಿಲ್ಲ. ಬಾರದವೆಲ್ಲ ಒಂದೇ ಮೊಬೈಲ್ ಕಂಪನಿಯ ಸಿಮ್‌ನವು. ಎದೆ ಧಸಕ್ಕೆಂದಿತು. ಮಡಿಕೇರಿಯ ಹಳೆಯ ಸರ್ವರ್ ಇನ್ನೂ ಆನ್ ಇತ್ತು, ಅದನ್ನು ತೆರೆದೆ. ಆ ಯಂತ್ರಗಳ ಲೆಕ್ಕವೆಲ್ಲ ಅಲ್ಲಿಗೆ ಬಂದು ಕೂತಿತ್ತು.

ಆಗ ವಿಷಯ ತಿಳಿಯಿತು. ನಮ್ಮ /23 ಇನ್ನೂ ಮಡಿಕೇರಿಯಿಂದ ಘೋಷಣೆಯಾಗುತ್ತಿತ್ತು. ಆರ್‌ಒಎ ನೋಡದ ನೆಟ್‌ವರ್ಕ್‌ಗಳು ಮುಂಬೈಯ /24 ಅನ್ನು ಒಪ್ಪಿ ಅಲ್ಲಿಗೆ ಹೋದವು. ಆರ್‌ಒಎ ನೋಡುವವು ಅದನ್ನು ಬಿಸಾಡಿ, /23 ಹಿಡಿದು ನಮ್ಮ ಮನೆಗೇ ಬಂದವು. ಒಂದೇ ವಿಳಾಸ, ಎರಡು ಊರಲ್ಲಿ ಎರಡು ಸರ್ವರ್, ಯಾವುದೂ ಸತ್ತಿಲ್ಲ. ಹೀಗಾದಾಗ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ಸರ್ವರನ್ನು ಅವತ್ತೇ ಆಫ್ ಮಾಡಿದ್ದರೆ ಅಷ್ಟು ಲೆಕ್ಕ ಕಳೆದೇ ಹೋಗುತ್ತಿತ್ತು.

ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್, ಯುರೋಪಿನ ರೈಪ್ ಸಂಸ್ಥೆಯ ರಿಸ್ ಎಂಬ ವ್ಯವಸ್ಥೆಗಳು ಪ್ರಪಂಚದ ಬೇರೆ ಬೇರೆ ಕಡೆಯಿಂದ ಬಿಜಿಪಿ ಹೇಗೆ ಕಾಣುತ್ತದೆ ಎಂದು ಎಲ್ಲರಿಗೂ ಉಚಿತವಾಗಿ ತೋರಿಸುತ್ತವೆ. ಅಲ್ಲಿ ನೋಡಿದೆ. ನಮ್ಮ /24 ಕೆಲವರಿಗೆ ಕಾಣುತ್ತಿತ್ತು, ಕೆಲವರಿಗೆ ಇಲ್ಲ, ಪಕ್ಕದಲ್ಲಿ ‘ಇನ್‌ವ್ಯಾಲಿಡ್’ ಎಂದು ಕೆಂಪಕ್ಷರ. ತಪ್ಪಾದ ಆರ್‌ಒಎ ತೆಗೆದು, ಸರಿಯಾಗಿ /24ಕ್ಕೆ ಹೋಸ್ಟಿಂಗ್‌ನವರ ಎಎಸ್ ಹಾಕಿ ಮಾಡಿದೆ. ಒಂದು ಗಂಟೆಯೊಳಗೆ ಕೆಲವು ಕಡೆ ಬದಲಾಯಿತು. ಉಳಿದ ಕಡೆಗೆ ಹರಡುವಾಗ ರಾತ್ರಿಯಾಯಿತು. ಅದೇ /24ಕ್ಕೆ ನಮ್ಮ ಎಎಸ್ ಹೆಸರಿನಲ್ಲೂ ಒಂದು ಆರ್‌ಒಎ ಇಟ್ಟಿದ್ದೇನೆ. ಮುಂಬೈಯಲ್ಲಿ ಏನಾದರೂ ಆದರೆ ಕೂಡಲೇ ಮಡಿಕೇರಿಯಿಂದ ಘೋಷಿಸಬಹುದು. ಆದರೆ ಸುಮ್ನೆ ಎಲ್ಲದಕ್ಕೂ ಗರಿಷ್ಠ ಉದ್ದ 24 ಎಂದು ಸಡಿಲ ಬಿಡುವುದು ಒಳ್ಳೆಯದಲ್ಲ. ನಾವು ಘೋಷಿಸದೆ ಬಿಟ್ಟ ತುಂಡನ್ನು ಬೇರೆಯವರು ನಮ್ಮ ಎಎಸ್ ನಂಬರ್ ಹಾಕಿಕೊಂಡು ಕದಿಯಲು ಅದು ದಾರಿ ಮಾಡಿಕೊಡುತ್ತದೆ.

ಎರಡು ದಿನ ಎಲ್ಲ ಮುಂಬೈಗೆ ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಹಳೆಯ ಸರ್ವರ್ ಆಫ್ ಮಾಡಿದೆ. ಐದೇ ನಿಮಿಷದಲ್ಲಿ ನಮ್ಮ ಗ್ರಾಹಕರಿಂದಲೇ ಫೋನ್ ಶುರು. ದೆಹಲಿಯಿಂದ ಪುಟ ತೆರೆಯುತ್ತದೆ, ಮಡಿಕೇರಿಯಿಂದ ತೆರೆಯುವುದಿಲ್ಲ!

ಇದಕ್ಕೆ ಎರಡು ಕಾರಣ ಒಂದರ ಹಿಂದೆ ಒಂದು ಇದ್ದವು. /23 ಘೋಷಿಸಲು ನಮ್ಮ ರೂಟರ್‌ನಲ್ಲಿ ಆ ಇಡೀ ಸಾಲನ್ನು ‘ನಲ್’ಗೆ, ಅಂದರೆ ಬಂದದ್ದನ್ನು ಬಿಸಾಡುವ ಕಡೆಗೆ, ತಿರುಗಿಸಿದ ಒಂದು ರೂಟ್ (ದಾರಿ) ಇತ್ತು. ಬಿಜಿಪಿ ನಡೆಸುವ ಅನೇಕರು ಹೀಗೆ ಇಡುತ್ತಾರೆ. ನಮಗೆ ಇಂಟರ್ನೆಟ್ ಕೊಡುವ ಮೇಲಿನವರು ಕೊಡುವುದು ಡೀಫಾಲ್ಟ್ ರೂಟ್, ಅಂದರೆ ಬೇರೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಕಳಿಸುವ ದಾರಿ, ಒಂದೇ. ಡೀಫಾಲ್ಟ್‌ಗಿಂತ /23 ಚಿಕ್ಕದು, ಇಲ್ಲೂ ಚಿಕ್ಕದೇ ಗೆಲ್ಲುತ್ತದೆ. ಹಾಗಾಗಿ ಗ್ರಾಹಕರ ಪ್ಯಾಕೆಟ್ (ಡೇಟಾದ ತುಣುಕು) ಹೊರಗೆ ಹೋಗದೆ ಅಲ್ಲೇ ಸಾಯುತ್ತಿತ್ತು. ಆ /24ಕ್ಕೆ ಮಾತ್ರ ಹೊರಗಿನ ದಾರಿ ತೋರಿಸುವ ಸ್ಟ್ಯಾಟಿಕ್ (ಕೈಯಾರೆ ಬರೆದ) ರೂಟ್ ಹಾಕಿದೆ. ಆದರೂ ಪುಟ ಬರಲಿಲ್ಲ.

ಎರಡನೆಯದು ಹುಡುಕಲು ಇನ್ನೊಂದು ಗಂಟೆ ಬೇಕಾಯಿತು. ಹೊರಗಿನಿಂದ ಬರುವ ಪ್ಯಾಕೆಟ್ ನಮ್ಮದೇ ಐಪಿಯಿಂದ ಬಂದೆ ಎಂದು ಹೇಳಿಕೊಂಡರೆ ಅದು ಸುಳ್ಳು, ಬಿಸಾಡು ಎಂಬ ನಿಯಮವನ್ನು ಗಡಿಯ ರೂಟರ್‌ನಲ್ಲಿ ನಾವೇ ಬರೆದಿದ್ದೆವು. ಒಳ್ಳೆಯ ನಿಯಮವೇ. ಈಗ ಮುಂಬೈಯಿಂದ ನಮ್ಮ ಸರ್ವರ್ ಕೊಡುವ ಉತ್ತರ ಹೊರಗಿನಿಂದಲೇ ಬರುತ್ತದೆ, ನಮ್ಮದೇ ಐಪಿಯಿಂದ. ಗಡಿಯಲ್ಲಿ ಅದನ್ನು ತಡೆದುಬಿಡುತ್ತಿದ್ದೆವು. ನಿಯಮವನ್ನು ಮೊದಲ ಅರ್ಧಕ್ಕೆ ಮಾತ್ರ ಎಂದು ತಿದ್ದಿದ ಕೂಡಲೇ ಪುಟ ಬಂತು. ಅರ್ಧ ಸಾಲು ಊರಲ್ಲಿಟ್ಟು ಅರ್ಧ ಹೊರಗೆ ಕಳಿಸುವವರು ಈ ಎರಡನ್ನೂ ಮೊದಲೇ ಮಾಡಿಟ್ಟುಕೊಳ್ಳಿ. ಪರೀಕ್ಷೆ ಮಾಡುವಾಗ ನಿಮ್ಮ ಸ್ವಂತ ನೆಟ್‌ವರ್ಕ್‌ನಿಂದಲೂ, ಕನಿಷ್ಠ ಎರಡು ಬೇರೆ ಮೊಬೈಲ್ ಕಂಪನಿಯಿಂದಲೂ ನೋಡಿ.

ಮೇಲ್‌ನದ್ದು ಸ್ವಲ್ಪದರಲ್ಲಿ ಮುಗಿಯಿತು. ವಿಳಾಸದಿಂದ ಹೆಸರು ಹುಡುಕುವ ರಿವರ್ಸ್ ಡಿಎನ್‌ಎಸ್ ಇಲ್ಲದಿದ್ದರೆ ಜಿಮೇಲ್ ನಮ್ಮ ಮೇಲ್ ಒಪ್ಪುವುದಿಲ್ಲ. ನಮ್ಮ ಸಾಲಿನ ರಿವರ್ಸ್ ನೋಡಿಕೊಳ್ಳುತ್ತಿದ್ದ ನೇಮ್ ಸರ್ವರ್‌ಗಳೆರಡೂ (ಆ ಹೆಸರು ಕೇಳಿದವರಿಗೆ ಉತ್ತರ ಕೊಡುವ ಸರ್ವರ್‌ಗಳು) ಸಾಗಿಸುವ ಸಾಲಿನಲ್ಲೇ ಇದ್ದವು. ಒಂದನ್ನು ಮೊದಲೇ ಬೇರೆ ಕಡೆ ಇಟ್ಟು, ರಿಜಿಸ್ಟ್ರಿಯಲ್ಲಿ ಹೆಸರು ಬದಲಿಸಿದ್ದರಿಂದ ತೊಂದರೆಯಾಗಲಿಲ್ಲ.

ಆ ವರ್ಷದ ಕಕ್ಕಡದಲ್ಲಿ ಒಂದು ರಾತ್ರಿ ಮಡಿಕೇರಿಯಲ್ಲಿ ಕರೆಂಟ್ ಹೋಯಿತು, ಬೆಳಗಿನ ಜಾವ ಫೈಬರೂ ಹೋಯಿತು. ನಮ್ಮ ಆಫೀಸಿನಲ್ಲಿ ಒಂದು ದೀಪವೂ ಇರಲಿಲ್ಲ. ಮೊಬೈಲ್‌ನಲ್ಲಿ ಪುಟ ತೆರೆದೆ. ಭಾಗಮಂಡಲದ ಯಂತ್ರ ಐದೂ ಮುಕ್ಕಾಲಿನ ಲೆಕ್ಕ ಕಳಿಸಿತ್ತು. ಆರು ಇಂಚು ಹತ್ತು ಸೆಂಟ್. ಸ್ವಲ್ಪ ಹೊತ್ತಿಗೆ ಬೆಂಗಳೂರಿನಿಂದ ಒಬ್ಬರ ಮೆಸೇಜ್ ಬಂತು. ಅವರು ಆಗಲೇ ಅಮ್ಮನನ್ನು ಎಬ್ಬಿಸಿ ಅಕ್ಕನ ಮನೆಗೆ ಕಳಿಸಿದ್ದರು.

ನಮ್ಮ ಅನುಮತಿ ಪತ್ರದ ಅವಧಿ ಒಂದು ವರ್ಷ. ಅದು ಮುಗಿದರೆ ಹೋಸ್ಟಿಂಗ್‌ನವರು ಘೋಷಣೆ ನಿಲ್ಲಿಸಬಹುದು. ಪ್ರತಿ ವರ್ಷ ಜನವರಿ ಮೊದಲ ವಾರವೇ ಹೊಸ ಪತ್ರಕ್ಕೆ ಸಹಿ ಹಾಕಿ ಕಳಿಸಬೇಕೆಂದು ಆಫೀಸಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿದ್ದೇವೆ.