1 ಕೆಬಿಯೊಳಗೆ 'ನಿಮ್' ಆಟ ತುರುಕಿದ ಕತೆ

ಮಗಳಿಗೆ 'ನಿಮ್' (Nim) ಎಂಬ ಆಟ ಕಲಿಸಿದ್ದು ಹುಣಸೆ ಬೀಜದಲ್ಲಿ. 3, 4, 5 ಬೀಜಗಳ ಮೂರು ಗುಂಪು. ಒಂದು ಸಲಕ್ಕೆ ಒಂದೇ ಗುಂಪಿನಿಂದ ಎಷ್ಟು ಬೇಕಾದರೂ ಎತ್ತಬಹುದು. ಕೊನೆಯ ಬೀಜ ಎತ್ತಿದವರು ಗೆದ್ದಂತೆ. ಸೋತು ಸೋತು ಸಾಕಾಗಿ, "ಅಪ್ಪಾ, ನೀನೇನೋ ಮೋಸ ಮಾಡ್ತಿದ್ದೀಯ" ಅಂದಳು.

ಮೋಸ ಅಲ್ಲ, ಲೆಕ್ಕ. 1901ರಲ್ಲೇ ಹಾರ್ವರ್ಡ್‌ನ ಚಾರ್ಲ್ಸ್ ಬೌಟನ್ ಇದನ್ನು ಬಿಡಿಸಿಟ್ಟಿದ್ದರು. ಪ್ರತಿ ಗುಂಪನ್ನೂ 4, 2, 1 ಎಂದು ಒಡೆದುಕೊಳ್ಳಿ. 3 ಅಂದರೆ 2+1, 5 ಅಂದರೆ 4+1. ಈಗ 4ಕ್ಕೆ ಜೋಡಿ ಇದೆ, 1ಕ್ಕೂ ಇದೆ. 2 ಮಾತ್ರ ಒಂಟಿ. ಮೊದಲ ಗುಂಪಿನಿಂದ ಆ ಎರಡನ್ನು ಎತ್ತಿದರೆ ಎಲ್ಲವೂ ಜೋಡಿ. ಎದುರಿನವರು ಏನು ಮುಟ್ಟಿದರೂ ಜೋಡಿ ತಪ್ಪುತ್ತದೆ. ನಾವು ಪ್ರತಿ ಸಲ ಅದನ್ನು ಮತ್ತೆ ಜೋಡಿ ಮಾಡುತ್ತ ಹೋದರೆ ಕೊನೆಯ ಬೀಜ ನಮ್ಮದೇ.

ಇದನ್ನು ಝೆಡ್‌ಎಕ್ಸ್81ಗೆ ಬರೆಯುವ ಹುಚ್ಚು ಹತ್ತಿತು. ಬ್ರಿಟನ್ನಿನ ಸಿಂಕ್ಲೇರ್ 1981ರಲ್ಲಿ ತಂದ ಮನೆ ಕಂಪ್ಯೂಟರ್ ಅದು. ಮೆಮೊರಿ ಬರೀ 1 ಕೆಬಿ, ಅಂದರೆ 1024 ಬೈಟ್; ಒಂದು ಅಕ್ಷರಕ್ಕೆ ಒಂದು ಬೈಟ್ ಬೇಕು. ಅದರಲ್ಲೂ 125 ಬೈಟ್ ಯಂತ್ರದ ಸ್ವಂತ ಖರ್ಚಿಗೆ ಹೋಗುತ್ತದೆ. ನಾನು ಬಳಸಿದ್ದು ಲ್ಯಾಪ್‌ಟಾಪಿನ ಎಮ್ಯುಲೇಟರ್, ಅಂದರೆ ಆ ಹಳೆಯ ಯಂತ್ರದಂತೆಯೇ ವರ್ತಿಸುವ ಪ್ರೋಗ್ರಾಂ. 16 ಕೆಬಿ ಆಯ್ಕೆಯೂ ಇತ್ತು. ಹಟಕ್ಕೆ ಬಿದ್ದು 1ರಲ್ಲೇ ಇಟ್ಟೆ.

ಮೊದಲ ಪ್ರೋಗ್ರಾಂ ಪೆದ್ದುಪೆದ್ದಾಗಿ ಆಡಿತು. ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡ ಮೇಲೆ ತಪ್ಪು ಸಿಕ್ಕಿತು. ಈ ಯಂತ್ರದ ಪ್ರೋಗ್ರಾಂ ಭಾಷೆಯಾದ ಬೇಸಿಕ್‌ನಲ್ಲಿ 'ಆಂಡ್' (AND) ಬಿಟ್‌ಗಳನ್ನು, ಅಂದರೆ ಸಂಖ್ಯೆಯೊಳಗಿನ ಆ 4, 2, 1 ತುಂಡುಗಳನ್ನು, ನೋಡುವುದೇ ಇಲ್ಲ. 4 ಆಂಡ್ 1 ಎಂದರೆ ಸೊನ್ನೆ ಬರುತ್ತದೆ ಅಂದುಕೊಂಡಿದ್ದೆ, 4 ಬರುತ್ತಿತ್ತು. ಜೋಡಿಗಳನ್ನು ಕಳೆದು ಒಂಟಿ ತುಂಡುಗಳನ್ನು ಮಾತ್ರ ಉಳಿಸುವ ಎಕ್ಸ್‌ಓರ್ (XOR) ಅಂತೂ ಇಲ್ಲವೇ ಇಲ್ಲ. (ಅದೇ ವರ್ಷದ ಇನ್ನೊಂದು ಕಂಪ್ಯೂಟರ್ ಬಿಬಿಸಿ ಮೈಕ್ರೋದಲ್ಲಿ ಇದೆ. ಹೊಟ್ಟೆಕಿಚ್ಚಾಯಿತು.)

ಕೊನೆಗೆ ಶಾಲೆಯ ಭಾಗಾಕಾರವೇ ಕೈ ಹಿಡಿಯಿತು. ಪ್ರತಿ ಗುಂಪನ್ನೂ 4ರಿಂದ ಭಾಗಿಸಿ, ಚಿಲ್ಲರೆ ಬಿಟ್ಟು, ಮೂರನ್ನೂ ಕೂಡಿಸಿದೆ. ಮೊತ್ತ ಬೆಸ ಬಂದರೆ 4 ಎಲ್ಲೋ ಒಂಟಿ ಇದೆ ಎಂದರ್ಥ. ಆಮೇಲೆ 2ರಿಂದ, 1ರಿಂದ ಹಾಗೇ. ಕಂಪ್ಯೂಟರ್ ಒಂದೊಂದೇ ನಡೆ ಹಾಕಿ ನೋಡುತ್ತದೆ, ಮೂರು ಮೊತ್ತವೂ ಸಮ ಬಂದರೆ ಅದೇ ನಡೆ. ಶುರುವಿನಲ್ಲಿ ಇರುವುದೇ 12 ನಡೆ, ಹಾಗಾಗಿ ಕಾಯುವ ಕೆಲಸ ಜಾಸ್ತಿ ಇಲ್ಲ.

ನಿಜವಾದ ಒದ್ದಾಟ ಜಾಗದ್ದು. ಪ್ರೋಗ್ರಾಂನಲ್ಲಿ ಸುಮ್ನೆ 1 ಎಂದು ಬರೆದರೆ 7 ಬೈಟ್ ಹೋಗುತ್ತದೆ! ಅಂಕಿಯ ಪಕ್ಕ ಅದರ ಬೆಲೆಯನ್ನೂ ಯಂತ್ರ ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆ. ಆಗಿನವರು ಇದಕ್ಕೊಂದು ಉಪಾಯ ಮಾಡಿದ್ದರು. 1ರ ಬದಲು 'ಎಸ್‌ಜಿಎನ್ ಪೈ' (ಧನಸಂಖ್ಯೆಗೆ 1 ಬರುತ್ತದೆ), ಸೊನ್ನೆಗೆ 'ನಾಟ್ ಪೈ' (ಸೊನ್ನೆಯಲ್ಲದ್ದಕ್ಕೆ ಸೊನ್ನೆ ಬರುತ್ತದೆ), 3ಕ್ಕೆ 'ಇಂಟ್ ಪೈ' (3.14ರ ಚಿಲ್ಲರೆ ಬಿಡುತ್ತದೆ). ಪ್ರತಿಯೊಂದೂ ಎರಡೇ ಬೈಟ್. ನನ್ನ ಪ್ರೋಗ್ರಾಂ ತುಂಬ ಪೈಗಳೇ ಆದವು, ಓದಿದವರು ವೃತ್ತದ ಲೆಕ್ಕ ಅಂದುಕೊಳ್ಳಬೇಕು.

ಆಮೇಲೆ ಮಗಳು, ಕೊನೆಯದು ಎತ್ತಿದವರು ಸೋಲುವ ಆಟವೂ ಬೇಕು ಅಂದಳು. ಬದಲಾವಣೆ ಚಿಕ್ಕದು: ನನ್ನ ನಡೆಯ ನಂತರ ಒಂದೊಂದೇ ಬೀಜದ ಗುಂಪುಗಳು ಮಾತ್ರ ಉಳಿಯುವಂತಿದ್ದರೆ, ಅವು ಬೆಸ ಸಂಖ್ಯೆಯಲ್ಲಿ ಉಳಿಯಬೇಕು. ಎರಡು ಸಾಲು ಸೇರಿಸಿ ಓಡಿಸಿದೆ. ತೆರೆಯ ಕೆಳಗೆ 4 ಎಂಬ ಸಂಕೇತ ಬಂತು, ಅಂದರೆ ಮೆಮೊರಿ ಮುಗಿಯಿತು. ಗೆದ್ದವರಿಗೆ ಹೇಳುವ ಅಭಿನಂದನೆಯ ಸಾಲು ಕಿತ್ತು, ಅಲ್ಲಿ ಒಂದೇ ಒಂದು ಅಕ್ಷರ ಇಟ್ಟೆ. ಆಗ ಓಡಿತು.